ಸಾಲಿನ ಕೊನೆಯ ಖಾಲಿ

ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸವನ್ನು ಎರಡು ಪದಗಳಲ್ಲಿ ಹೇಳಿ ಮುಗಿಸಬಹುದು. ಸ್ಪೇಸ್ ಒತ್ತಿದೆ. ನಮ್ಮ ಊರು ಪುರಸಭೆಯ ಕಂಪ್ಯೂಟರಿನ ಒಂದು ಫೈಲಿನಲ್ಲಿದೆ, ಹದಿನಾಲ್ಕು ಸಾವಿರ ಸಾಲುಗಳ ಕೋಡ್. ಸಂಜೆ ಐದಕ್ಕೆ ಅದನ್ನು ಸೇವ್ ಮಾಡುವಾಗ ಸಾಲುಗಳು ಹೇಗೆ ನಿಂತಿರುತ್ತವೋ ಊರು ಹಾಗೇ ನಿಲ್ಲುತ್ತದೆ. ಓಣಿಗೊಂದು ಸಾಲು, ಅದರ ಕೆಳಗೆ ನಾಲ್ಕು ಸ್ಪೇಸ್ ಒಳಗೆ ಸರಿಸಿ ಮನೆಗಳು, ಮನೆಯ ಕೆಳಗೆ ಮತ್ತೆ ನಾಲ್ಕು ಸರಿಸಿ ಬಚ್ಚಲು, ನಲ್ಲಿ, ದನದ ಕೊಟ್ಟಿಗೆ. ನಾಲ್ಕರ ಬದಲು ಮೂರು ಒತ್ತಿದರೆ ಆ ಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆ. ಐದು ಒತ್ತಿದರೆ ಬಚ್ಚಲ ನೀರು ಅಡಿಗೆಮನೆಯ ಕಡೆ ಹರಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಜನ ಅರ್ಜಿ ಹಿಡಿದು ಬಂದು ನಿಲ್ಲುತ್ತಾರೆ. ಒಬ್ಬರಿಗೆ ಕಿಟಕಿ ಬೇಕು, ಒಬ್ಬರಿಗೆ ಮೆಟ್ಟಿಲು ಬೇಕು, ಅಣ್ಣತಮ್ಮಂದಿರಿಗೆ ನಡುವೆ ಗೋಡೆ ಬೇಕು. ನಡುವೆ ಒಂದು ಗೋಡೆ ತೂರಿಸಿದರೆ ಕೆಳಗಿನದೆಲ್ಲ ಅಲುಗಾಡುತ್ತದೆ. ಅದನ್ನು ಸಂಜೆ ಐದರೊಳಗೆ ಮತ್ತೆ ಸಾಲಿಗೆ ತರುವುದು ನನ್ನ ಕೆಲಸ.

ಕೆಲಸ ಕಲಿಸಿದವರು ಬಿಂದುರಾಯರು. ನನಗಿಂತ ಮೊದಲು ಅದೇ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತಿದ್ದವರು, ಈಗ ಇಲ್ಲ. ಅವರು ಒಂದು ಸ್ಪೇಸ್ ಹೆಚ್ಚು ಒತ್ತಿದ್ದನ್ನು ನಾನು ಎಂದೂ ನೋಡಿಲ್ಲ. ನಾನು ಮಾತ್ರ ಬೇಕಾದಷ್ಟು ತಪ್ಪು ಮಾಡಿದ್ದೇನೆ. ಒಮ್ಮೆ ಒಂದು ಆವರಣ ಚಿಹ್ನೆಯನ್ನು ಮುಚ್ಚಲು ಮರೆತಿದ್ದರಿಂದ ಅಂಚೆ ಕಚೇರಿಗೆ ಮೂರು ದಿನ ಬಾಗಿಲೇ ಇರಲಿಲ್ಲ. ಪೋಸ್ಟ್ ಮಾಸ್ತರರು ಕಿಟಕಿಯಿಂದ ಹತ್ತಿ ಇಳಿದರು, ಕಾಗದ ಹಾಕುವವರೂ ಅಲ್ಲೇ ಕೈ ಚಾಚಿದರು. ನಾಲ್ಕನೇ ದಿನ ಬಾಗಿಲು ಬಂದಾಗ ಕೆಲವರಿಗೆ ಕಿಟಕಿಯೇ ಅಭ್ಯಾಸವಾಗಿತ್ತು. ನಮ್ಮ ಊರಿನವರು ಹೊಂದಿಕೊಳ್ಳುವುದರಲ್ಲಿ ಗಟ್ಟಿಗರು. ಅದು ನನಗೆ ಎಷ್ಟು ಅನುಕೂಲವಾಗಿತ್ತೆಂಬುದು ಆಗ ತಿಳಿದಿರಲಿಲ್ಲ.

ಎರಡು ವರ್ಷದಿಂದ ನನ್ನ ಬಲಗೈ ಕೈಕೊಟ್ಟಿದೆ. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಒಂದು ಸೆಳೆತ. ಸಾರಿನ ಸೌಟು ಎತ್ತಿದರೆ ಅರ್ಧ ಸಾರು ಒಲೆಕಟ್ಟೆಯ ಮೇಲೆ. ಡಾಕ್ಟರು ಪಟ್ಟಿ ಕಟ್ಟಿ, “ಈ ಕೈ ಇನ್ನ ಕೆಲಸಕ್ಕ ಹಚ್ಚಬ್ಯಾಡ್ರಿ ಅಕ್ಕಾರ,” ಎಂದರು. ಅವರ ದವಾಖಾನೆಯ ಗೋಡೆಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದುದೂ ಅದೇ ಕೈ. ಅದನ್ನು ಹೇಳಲಿಲ್ಲ. ಹೇಳುವುದಕ್ಕೂ ಒಂದು ಶಕ್ತಿ ಬೇಕಾಗುತ್ತದೆ, ಅದು ನನ್ನಲ್ಲಿ ಸಂಜೆಯ ಹೊತ್ತಿಗೆ ಉಳಿದಿರುವುದಿಲ್ಲ. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೊರಗಿನ ಕಟ್ಟೆಯ ಮೇಲೆ ಕೂತು ಅರ್ಧ ತಾಸು ಸುಮ್ಮನೆ ಬಾಗಿಲು ನೋಡುತ್ತಿದ್ದೆ. ಒಳಗಿದ್ದ ನಮ್ಮ ಮನೆಯವರು ಬಂದು, “ಯಾಕ, ಬಾಗಿಲಾ ಡೊಂಕ ಆಗೇತೇನ?” ಎಂದು ಕೇಳುತ್ತಿದ್ದರು.

ಒಂದು ಸೋಮವಾರ ನಮ್ಮ ಮುಖ್ಯಾಧಿಕಾರಿ ಕುಬಸದ ಸಾಹೇಬರು ನನ್ನ ಮೇಜಿನ ಹತ್ತಿರ ತಾವೇ ಬಂದರು. ಅವರು ಕುರ್ಚಿಯಿಂದ ಏಳುವುದು ಅಪರೂಪ.

“ಅಕ್ಕಾರ, ನಿಮ್ಮ ಕೈಗೆ ಔಷಧ ಬಂದೇತಿ,” ಎಂದು ಒಂದು ಸುತ್ತೋಲೆಯನ್ನು ನನ್ನ ಮುಂದಿಟ್ಟರು. “ಫಾರ್ಮ್ಯಾಟರ್ ಅಂತ. ನೀವು ಬರಿಯೂ ಎಡಿಟರಿನಾಗ ಇದನ್ನ ಕೂಡಿಸಿದ್ರ ಮುಗೀತು. ನೀವು ಹೆಂಗರ ಬರೀರಿ, ಅಡ್ಡಾತಿಡ್ಡಿ ಬರೀರಿ, ಸೇವ್ ಒತ್ತಿದ ಕೂಡ್ಲೆ ತಾನ ಎಲ್ಲಾ ಸಾಲಿಗೆ ತರತೈತಂತ.”

“ತಾನ?”

“ತಾನ.”

ನನಗೆ ಅಳು ಬಂತು. ಸಾಹೇಬರು ಅದನ್ನು ನೋಡಿ ಗಾಬರಿಯಾಗಿ ವಾಪಸು ಹೋದರು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆ. ಫಾರ್ಮ್ಯಾಟರ್ ಎಡಿಟರಿಗೆ ಕೂಡುವ ಮೊದಲು ಹೆಣ್ಣು ನೋಡಲು ಬಂದವರ ಹಾಗೆ ಒಂದರ ಮೇಲೊಂದು ಪ್ರಶ್ನೆ ಕೇಳಿತು. ಒಳಗೆ ಸರಿಸುವುದು ಟ್ಯಾಬಿನಿಂದಲೋ ಸ್ಪೇಸಿನಿಂದಲೋ? ಸ್ಪೇಸಿನಿಂದ. ಎಷ್ಟು? ನಾಲ್ಕು. ಒಂದು ಸಾಲು ಎಷ್ಟು ಉದ್ದ ಇರಬಹುದು? ನೂರು ಅಕ್ಷರ ಎಂದೆ. ಆಮೇಲೆ ತುಂಡು ಮಾಡಲೇ? ಮಾಡು. ಎರಡು ಮೂರು ಖಾಲಿ ಸಾಲು ಒಟ್ಟಿಗೆ ಬಂದರೆ ಒಂದು ಮಾಡಲೇ? ಮಾಡು. ಸೇವ್ ಮಾಡುವಾಗಲೆಲ್ಲ ಇದನ್ನು ತಾನೇ ಮಾಡಲೇ? ಅಯ್ಯೋ ತಂದೆ, ಮಾಡು. ಕೊನೆಗೆ ಇದು ಬಂತು: ಸಾಲಿನ ಕೊನೆಯಲ್ಲಿರುವ ಖಾಲಿ ಜಾಗವನ್ನು ತೆಗೆದುಹಾಕಲೇ? ಹೌದು ಅಥವಾ ಇಲ್ಲ.

ಇಲ್ಲಿ ನನಗೆ ಸುಣ್ಣಗಾರ ಓಣಿ ನೆನಪಾಯಿತು. ನೆನಪಾಗಲಿಲ್ಲ ಎಂದು ಆಮೇಲೆ ಹಲವು ಜನರಿಗೆ ಹೇಳಿದ್ದೇನೆ, ಆದರೆ ನೆನಪಾಯಿತು. ಆ ಓಣಿಯ ಸಾಲು ಮುಗಿದ ಮೇಲೆ, ಕಣ್ಣಿಗೆ ಏನೂ ಕಾಣದ ಕಡೆ, ಬಿಂದುರಾಯರು ಅರವತ್ತು ಸ್ಪೇಸ್ ಒತ್ತಿ ಇಟ್ಟಿದ್ದರು. ಅಲ್ಲಿ ಹಗ್ಗ ಮಾಡುವ ಫಕೀರವ್ವನ ಬಯಲು ಇತ್ತು. ಹಗ್ಗ ಹೊಸೆಯುವವರಿಗೆ ಸೂರು ಇಲ್ಲದಿದ್ದರೂ ನಡೆಯುತ್ತದೆ, ಉದ್ದ ಬೇಕು. ಒಬ್ಬರು ಕೊಕ್ಕೆಗಳಿರುವ ರಾಟೆ ತಿರುಗಿಸುತ್ತಾರೆ, ಇನ್ನೊಬ್ಬರು ಸೊಂಟಕ್ಕೆ ಪುಂಡಿ ಗಿಡದ ನಾರು ಕಟ್ಟಿಕೊಂಡು ಅದನ್ನು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುತ್ತಾರೆ. ಎಷ್ಟು ದೂರ ನಡೆದರೋ ಅಷ್ಟು ಹಗ್ಗ. ನಾನು ಕೆಲಸಕ್ಕೆ ಸೇರಿದ ವಾರವೇ ರಾಯರು ಆ ಸಾಲಿನ ಕೊನೆಗೆ ಬೆರಳಿಟ್ಟು, “ಇಲ್ಲಿ ಏನೂ ಇಲ್ಲಂತ ಅಳಿಸೀಯವ್ವಾ,” ಎಂದು ಎಚ್ಚರಿಸಿದ್ದರು.

ಇಲ್ಲ ಎಂದು ಒತ್ತಬಹುದಿತ್ತು. ಆದರೆ ನನ್ನ ಕೈ ತಪ್ಪಿ ಬಿದ್ದ ಸ್ಪೇಸುಗಳು ದಿನಾ ಸಾಲುಗಳ ಕೊನೆಗೆ ಉಳಿದಿರುತ್ತವೆ. ಅವನ್ನು ಹುಡುಕಿ ತೆಗೆಯದಿದ್ದರೆ ಓಣಿಗಳ ತುದಿ ಒಂದರ ಹಿತ್ತಿಲೊಳಗೊಂದು ನುಗ್ಗುತ್ತದೆ, ಬೆಳಿಗ್ಗೆ ಜಗಳ. ಹುಡುಕಲು ದಿನಕ್ಕೆ ಒಂದು ತಾಸು ಹಿಡಿಯುತ್ತದೆ. ಆ ಒಂದು ತಾಸು ನನ್ನ ಕಣ್ಣ ಮುಂದೆ ಬಂದು ನಿಂತಿತು. ಒಬ್ಬಳ ಅರವತ್ತು ಹೆಜ್ಜೆ, ನನ್ನ ಒಂದು ತಾಸು. ನಾಳೆ ಏನಾದರೂ ಮಾಡಿದರಾಯಿತು ಎಂದುಕೊಂಡು ಹೌದು ಎಂಬುದಕ್ಕೆ ಗುರುತು ಹಾಕಿದೆ.

ಐದಕ್ಕೆ ಸೇವ್ ಒತ್ತಿದೆ. ಪರದೆಯ ಮೇಲೆ ಸಾಲುಗಳು ಒಮ್ಮೆ ಮೈ ಕೊಡವಿದವು, ಅಷ್ಟೆ. ನಾಲ್ಕು ಸೆಕೆಂಡೂ ಆಗಲಿಲ್ಲ. ಹೊರಗೆ ಬಂದರೆ ಬಾಗಿಲುಗಳು ಬೆರಳು ತಾಗಿಸಿದರೆ ಮುಚ್ಚುತ್ತಿದ್ದವು. ಎಷ್ಟೋ ವರ್ಷದಿಂದ ಡೊಂಕಾಗಿ ಕೂತಿದ್ದ ಮಾಳಿಗೆಗಳು ನೆಟ್ಟಗಾಗಿದ್ದವು. ನೂರು ಅಕ್ಷರ ದಾಟಿದ್ದ ದೊಡ್ಡ ಪೇಟೆ ನಡುವೆ ತುಂಡಾಗಿ ಕೆಳಗೆ ಮಡಚಿಕೊಂಡಿತ್ತು. ಮುಂದಿನ ದಿನಗಳಲ್ಲಿ ಬಸ್ಸು ಅಲ್ಲಿ ಹಿಂದೆ ಮುಂದೆ ಮಾಡಿ ತಿರುಗುವುದನ್ನು ಕಲಿಯಿತು. ಆ ತುಂಡಿನ ಆಚೆಗೆ ಬಿದ್ದ ಕ್ಷೌರದ ಗೂಳಪ್ಪ ತನ್ನದೀಗ ಬೇರೆಯೇ ಪೇಟೆ ಎಂದು ಬೋರ್ಡು ಬರೆಸಿದ. ಎರಡು ಖಾಲಿ ಸಾಲು ಒಂದಾದ ಕಡೆ ಹಪ್ಪಳ ಒಣಗಿಸುತ್ತಿದ್ದವರು ಗೊಣಗಿಕೊಂಡು ಮಾಳಿಗೆ ಹತ್ತಿದರು. ಆ ಸಂಜೆ ದಾರಿಯಲ್ಲಿ ಸಿಕ್ಕವರೆಲ್ಲ, “ಭಾಳ ಛಲೋ ಆತ್ರೀ ಅಕ್ಕಾರ,” ಎಂದರು. ಐದೂ ಹತ್ತಕ್ಕೆ ಮನೆಯಲ್ಲಿದ್ದೆ. ಚಹಾ ಬಿಸಿ ಇರುವಾಗಲೇ ಕುಡಿದೆ. ಎಂಟಕ್ಕೆ ಮಲಗಿದವಳು ಬೆಳಿಗ್ಗೆ ಏಳರವರೆಗೆ ಕಲ್ಲಿನ ಹಾಗೆ ನಿದ್ದೆ ಮಾಡಿದೆ. ಅಷ್ಟು ಸುಖ ನನಗೆ ಯಾವುದರಿಂದಲೂ ಸಿಕ್ಕಿರಲಿಲ್ಲ ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ಹತ್ತಕ್ಕೆ ಫಕೀರವ್ವ ಬಂದಳು. ನನ್ನದೇ ವಯಸ್ಸಿನವಳು, ಒಣಕಲು ದೇಹ, ಅಂಗೈ ಮಾತ್ರ ಗಂಡಸರದಷ್ಟು ಅಗಲ. ಸೀರೆಯ ತುಂಬ ನಾರಿನ ಎಳೆಗಳು.

“ಅಕ್ಕಾರ, ನನ್ನ ಬಯಲು ಕಾಣವಲ್ದು,” ಎಂದಳು. “ಕಡೀ ಮನೀ ಗ್ವಾಡಿಗೆ ಊರ ಬೇಲಿ ಬಂದು ಅಂಟೇತಿ. ಬಗ್ಗಿ ನೋಡಿದ್ರೂ ಸಂದಿಲ್ಲ.”

ಕುಬಸದ ಸಾಹೇಬರು ತಮ್ಮ ಕುರ್ಚಿಯಿಂದಲೇ ತಕರಾರು ವಹಿಯನ್ನು ತೆರೆದರು. ಅದರಲ್ಲಿ ಕಳೆದುಹೋದ ವಸ್ತುವಿನ ಹೆಸರು ಬರೆಯಲು ಒಂದು ಕಾಲಂ ಇದೆ.

“ಅಲ್ಲೇನಿತ್ತು ಯವ್ವಾ?”

“ಏನೂ ಇರಲಿಲ್ರಿ ಸಾಹೇಬ್ರ.”

“ಏನೂ ಇರಲಿಲ್ಲಂದಮ್ಯಾಲ ಹೋಗಿದ್ದೇನು?”

“ಅದ ಹೋತ್ರಿ.”

ಸಾಹೇಬರು ಪೆನ್ನನ್ನು ಆ ಕಾಲಂನ ಮೇಲೆ ಇಟ್ಟು ಮತ್ತೆ ಎತ್ತಿದರು. ಆಮೇಲೆ ವಹಿ ಮುಚ್ಚಿ, “ಇದನ್ನ ಬರಿಯಾಕ ಬರೂದಿಲ್ಲ,” ಎಂದರು. ಅವರನ್ನು ದೂರಬೇಕೆಂದಿಲ್ಲ, ಬರೆಯಲು ನಿಜವಾಗಿಯೂ ಬರುತ್ತಿರಲಿಲ್ಲ.

ಫಕೀರವ್ವ ನನ್ನ ಕಡೆ ತಿರುಗಿದಳು. ನಾನು ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಮೇಜಿನ ಮೇಲೆ, ಇಬ್ಬರ ನಡುವೆ ಇಟ್ಟೆ. “ಮಷೀನು ಮಾಡೇತಿ ಫಕೀರವ್ವ, ಈಗ ಎಲ್ಲಾ ಅದ ನೋಡಿಕೋತೈತಿ. ನನ್ನ ಕೈಯಾಗ ಏನೂ ಇಲ್ಲ.” ಅವಳು ಕೈಯನ್ನು ನೋಡಿದಳು. “ಭಾಳ ನೋಯ್ತೈತೇನ್ರಿ?” ಎಂದು ಕೇಳಿದಳು. ಹೌದು ಎಂದೆ. ಹೋದಳು.

ಮರುದಿನ ಮತ್ತೆ ಬಂದಳು. ಏನೂ ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ನಾರು ಬಿಡಿಸಿದಳು, ಹನ್ನೊಂದಕ್ಕೆ ಎದ್ದುಹೋದಳು. ಅದರ ಮರುದಿನವೂ ಬಂದಳು. ಜವಾನ ಬೆಂಚಿನ ಕೆಳಗಿನ ನಾರಿನ ಚೂರುಗಳನ್ನು ಗುಡಿಸುತ್ತ ನನ್ನ ಕಡೆ ನೋಡುತ್ತಿದ್ದ. ನಾನು ಪರದೆ ನೋಡುತ್ತಿದ್ದೆ. ಅಲ್ಲಿ ನನಗೆ ಮಾಡಲು ಕೆಲಸವೇ ಇರಲಿಲ್ಲ.

ಅವಳ ಸುದ್ದಿ ಹೇಗೂ ಕಿವಿಗೆ ಬೀಳುತ್ತಿತ್ತು. ಮೇಲಿನ ಓಣಿಯ ಬಾವಿಗಳು ಇಪ್ಪತ್ತು ಮಾರು ಆಳದವು. ಅವಕ್ಕೆಲ್ಲ ಹೊಸ ಹಗ್ಗ ಬೇಕೆಂದು ಅಲ್ಲಿಯ ಹಿರಿಯರು ಅವಳಿಗೇ ಹೇಳಿದ್ದರು, ಹನ್ನೆರಡು ಹಗ್ಗ, ಅಮಾವಾಸ್ಯೆಯ ಒಳಗೆ. ಫಕೀರವ್ವ ಮತ್ತು ಅವಳ ಮೈದುನ ಯಮನಪ್ಪ ಓಣಿಯ ನಡುವೆಯೇ ರಾಟೆ ಹೂಡಿ ನೋಡಿದರು. ಹತ್ತು ಹೆಜ್ಜೆ ಹಿಂದೆ ಹೋಗುವಷ್ಟರಲ್ಲಿ ಮೋಟರ್ ಸೈಕಲ್ ಬರುತ್ತಿತ್ತು, ಇಲ್ಲವೆ ಆಡುಗಳು ಎಳೆಗೆ ಸಿಕ್ಕು ಒದ್ದಾಡುತ್ತಿದ್ದವು. ತುಂಡು ಹಗ್ಗಗಳನ್ನು ಗಂಟು ಹಾಕಿ ಒಯ್ದು ಕೊಟ್ಟರೆ ಗಂಟು ಬಾವಿಯ ಗಾಲಿಯಲ್ಲಿ ಸಿಕ್ಕಿ ಕೊಡ ನಡು ಬಾವಿಯಲ್ಲಿ ನಿಂತಿತು. ಹಿರಿಯರು ಕೆಟ್ಟವರಲ್ಲ. ಅಮಾವಾಸ್ಯೆಯವರೆಗೆ ಕಾಯುತ್ತೇವೆ, ಆಮೇಲೆ ಅಂಗಡಿಯ ನೈಲಾನ್ ಹಗ್ಗ ತರುತ್ತೇವೆ ಎಂದರು. ಒಮ್ಮೆ ನೈಲಾನ್ ಬಂದರೆ ಪುಂಡಿ ಹಗ್ಗವನ್ನು ಯಾರೂ ಕೇಳುವುದಿಲ್ಲ. ಫಕೀರವ್ವ ತನ್ನ ತಂಗಿಯ ಊರಿಗೆ ಹೋಗುವ ಮಾತಾಡುತ್ತಿದ್ದಾಳೆ ಎಂದು ಜವಾನ ಹೇಳಿದ. ಊರು ಬಿಟ್ಟು ಹೋದವರ ಮನೆಯ ಸಾಲನ್ನು ಫೈಲಿನಿಂದ ಅಳಿಸಬೇಕು. ಅಳಿಸುವುದೂ ನನ್ನ ಕೆಲಸವೇ. ಅದಕ್ಕೆ ಒಂದೇ ಬೆರಳು ಸಾಕು.

ಒಂಬತ್ತು ದಿನ ಹೀಗೆ ಹೋಯಿತು. ಕೈ ನೋವು ಇಳಿದಿತ್ತು, ಸೌಟು ಹಿಡಿಯುವಂತಾಗಿತ್ತು. ಆದರೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಕೆಲಸವಿಲ್ಲದೆ ಇಷ್ಟು ದಣಿವು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹತ್ತಕ್ಕೆ ಅವಳು ಬರುತ್ತಾಳೆಂದು ಬೆಳಿಗ್ಗೆ ಕಚೇರಿಗೆ ಸುತ್ತು ದಾರಿ ಹಿಡಿಯುತ್ತಿದ್ದೆ.

ಹತ್ತನೇ ದಿನ ಸುಣ್ಣಗಾರ ಓಣಿಯ ಸಾಲಿನ ಕೊನೆಗೆ ಹೋಗಿ ಅರವತ್ತು ಸ್ಪೇಸ್ ಒತ್ತಿದೆ. ಸೇವ್ ಒತ್ತಿದ ಕೂಡಲೇ ಫಾರ್ಮ್ಯಾಟರ್ ಅವನ್ನು ನೆಕ್ಕಿಹಾಕಿತು. ಮರುದಿನ ಉಪಾಯ ಮಾಡಿ ಸ್ಪೇಸುಗಳ ಆಚೆ ಒಂದು ಟಿಪ್ಪಣಿ ಬರೆದಿಟ್ಟೆ, ಆಗ ಅದು ಕೊನೆಯ ಖಾಲಿ ಆಗುವುದಿಲ್ಲವಲ್ಲ ಎಂದು. ಅದು ಟಿಪ್ಪಣಿಯನ್ನೇ ಎಳೆದು ತಂದು ಓಣಿಗೆ ಅಂಟಿಸಿತು. ಕೋಡಿನಲ್ಲಿ ಬರೆದ ಟಿಪ್ಪಣಿ ನಮ್ಮ ಊರಿನಲ್ಲಿ ಗೋಡೆಯ ಮೇಲಿನ ಅಕ್ಷರವಾಗುತ್ತದೆ. ಕೊನೆಯ ಮನೆಯವರು ಬೆಳಿಗ್ಗೆ ಎದ್ದು ತಮ್ಮ ಗೋಡೆಯ ಮೇಲೆ “ಇಲ್ಲಿ ಬಯಲಿದೆ” ಎಂದು ಬರೆದದ್ದನ್ನು ನೋಡಿ ಸುತ್ತಮುತ್ತ ಬಯಲು ಹುಡುಕಿದರಂತೆ.

ಕೊನೆಯ ಖಾಲಿ ತೆಗೆಯಬೇಡ ಎಂದು ಸೆಟ್ಟಿಂಗ್ ಬದಲಿಸಬಹುದಿತ್ತು. ಆಗ ಊರಿನ ಎಲ್ಲ ಸಾಲುಗಳ ಕಸವೂ ನನ್ನ ಕೈಗೆ ಬರುತ್ತಿತ್ತು. ಮತ್ತೆ ಆ ಒಂದು ತಾಸು. ಸುತ್ತೋಲೆಯನ್ನು ಮೊದಲ ಸಲ ಕೊನೆಯ ಪುಟದವರೆಗೆ ಓದಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿತ್ತು: “ಇಲ್ಲಿಂದ ಮುಟ್ಟಬೇಡ” ಎಂಬ ಟಿಪ್ಪಣಿಯನ್ನು ಮೇಲೊಂದು, “ಇಲ್ಲಿಗೆ ಸಾಕು” ಎಂಬುದನ್ನು ಕೆಳಗೊಂದು ಇಟ್ಟರೆ ನಡುವಿನ ಸಾಲುಗಳಿಗೆ ಫಾರ್ಮ್ಯಾಟರ್ ಕೈ ಹಾಕುವುದಿಲ್ಲ. ಓಣಿಯನ್ನು ಬಿಡಿಸಿಕೊಂಡರೆ ಅದರ ಹೊಟ್ಟೆಯಲ್ಲಿರುವ ನಲವತ್ತು ಮನೆಗಳನ್ನೂ ಬಿಡಿಸಿಕೊಂಡ ಹಾಗೆ. ಆ ನಲವತ್ತನ್ನು ದಿನಾ ನಾನೇ ಸಾಲಿಗೆ ತರಬೇಕು. ನಾನು ನಿವೃತ್ತಳಾಗುವವರೆಗೆ, ಇನ್ನೂ ನಾಲ್ಕು ವರ್ಷ.

ಮುಚ್ಚಿಟ್ಟು ಮಾಡುವ ಹಾಗಿರಲಿಲ್ಲ, ಗೋಡೆಯ ಮೇಲೆ ಅಕ್ಷರ ಬರುತ್ತದೆ. ಸಾಹೇಬರ ಹತ್ತಿರ ಹೋದೆ.

“ಇದೊಂದಕ್ಕ ಬಿಟ್ರ ನಾಳೆ ಹಪ್ಪಳದವ್ರು ಬರ್ತಾರ, ನಾಡದ್ದು ಗೂಳಪ್ಪ ಬರ್ತಾನ,” ಎಂದರು. “ನೇಮ ಅಂದಮ್ಯಾಲ ಎಲ್ಲಾರಿಗೂ ಒಂದ.”

“ಬರಲ್ರಿ. ಬಂದಾಗ ನೋಡೂಣು.”

“ಅಕ್ಕಾರ, ಈ ಮಷೀನು ತರಿಸಿದ್ದ ನಿಮ್ಮ ಕೈ ಸಲುವಾಗಿ. ನೀವ ಬ್ಯಾಡಂತೀರಿ. ನಲವತ್ತು ಮನಿ ಯಾರ್ ಒತ್ತತಾರ?”

“ಎಡಗೈ ಐತಲ್ರಿ.”

ಸಾಹೇಬರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರೂ ದಣಿದ ಮನುಷ್ಯನೇ ಎಂದು ಅಷ್ಟು ವರ್ಷದಲ್ಲಿ ಮೊದಲ ಸಲ ಅನಿಸಿತು. “ಸುಣ್ಣಗಾರ ಓಣಿ ಏರು ಐತಿ,” ಎಂದರು. “ನನಗ ಮೊಣಕಾಲ ನೋಯ್ತಾವ, ಆ ಕಡೆ ನಾ ಹಾಯೂದಿಲ್ಲ. ಅಲ್ಲಿ ಗ್ವಾಡಿ ಮ್ಯಾಲ ಏನ್ ಬರದೈತೋ ಏನ್ ಬಿಟ್ಟೈತೋ, ನನಗೇನ್ ಗೊತ್ತು?”

ಆ ಮಧ್ಯಾಹ್ನ ಎರಡು ಟಿಪ್ಪಣಿ ಬರೆದು, ಎಡಗೈಯಿಂದ ಅರವತ್ತು ಸ್ಪೇಸ್ ಎಣಿಸಿ ಒತ್ತಿದೆ. ಎಡಗೈಗೆ ಅಭ್ಯಾಸವಿಲ್ಲ, ಎರಡು ಸಲ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದೆ. ಐದಕ್ಕೆ ಸೇವ್ ಒತ್ತಿ ಪರದೆ ನೋಡಿದೆ. ಎಲ್ಲ ಸಾಲುಗಳೂ ಮೈ ಕೊಡವಿದವು, ಸುಣ್ಣಗಾರ ಓಣಿಯವು ಮಾತ್ರ ಸುಮ್ಮನಿದ್ದವು. ಅಮಾವಾಸ್ಯೆಗೆ ಇನ್ನೂ ಆರು ದಿನವಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಆ ಏರು ಹತ್ತಿದೆ. ಓಣಿಯ ಬಾಯಲ್ಲಿ ಗೋಡೆಯ ಮೇಲೆ “ಇಲ್ಲಿಂದ ಮುಟ್ಟಬೇಡ” ಎಂದು ಆಳೆತ್ತರದ ಅಕ್ಷರಗಳಿದ್ದವು. ಅಲ್ಲಿಯ ಹೆಂಗಸರು ಆಗಲೇ ಅದಕ್ಕೂ ಹೊಂದಿಕೊಂಡು, ಆ ಗೋಡೆಗೆ ತಟ್ಟುತ್ತಿದ್ದ ಸಗಣಿಯ ಕುಳ್ಳುಗಳನ್ನು ಎದುರಿನ ಗೋಡೆಗೆ ತಟ್ಟುತ್ತಿದ್ದರು. ಕೊನೆಯ ಮನೆ ದಾಟಿದರೆ ಬಯಲು ಇತ್ತು. ಬರೀ ನೆಲ. ಫಕೀರವ್ವ ರಾಟೆ ಹೂಡಿ, ಸೊಂಟಕ್ಕೆ ನಾರು ಕಟ್ಟಿಕೊಂಡು ನಿಂತಿದ್ದಳು. ಯಮನಪ್ಪ ಇನ್ನಷ್ಟು ನಾರು ತರಲು ಹೋಗಿದ್ದ.

ನನ್ನನ್ನು ನೋಡಿ, “ಬರ್ರಿ ಅಕ್ಕಾರ,” ಎಂದಳು. “ಕೈ ಹೆಂಗೈತ್ರಿ? ಎಡಗೈ ಖಾಲಿ ಐತೇನು? ಒಂದೀಟು ಇದನ್ನ ತಿರುವ್ರಿ, ಅವ ಬರೂತನಾ.”

ರಾಟೆಯ ಹಿಡಿಕೆ ಹಿಡಿದೆ. ಅವಳು ಕೊಕ್ಕೆಗೆ ನಾರು ಸಿಕ್ಕಿಸಿ, ನನ್ನ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ನಡೆಯತೊಡಗಿದಳು. ನಾನು ತಿರುಗಿಸಿದಂತೆ ಅವಳ ಬೆರಳುಗಳಿಂದ ಎಳೆ ಉದ್ದವಾಗುತ್ತ ಬಂತು. ಐದಾರು ಹೆಜ್ಜೆ ಹೋಗಿದ್ದಳು. ಇನ್ನು ತಡೆಯಲಾಗಲಿಲ್ಲ.

“ಫಕೀರವ್ವ, ಮಷೀನು ಮಾಡಿದ್ದಲ್ಲ ಅದು. ಮಷೀನು ನನ್ನ ಕೇಳಿತ್ತು, ತಗೀಲೇನು ಅಂತ. ನಾನ ಹೂಂ ಅಂದೆ. ನಿನ್ನ ಬಯಲು ನೆನಪಾಗೇ ಹೂಂ ಅಂದೆ.”

ಅವಳು ನಿಲ್ಲಲಿಲ್ಲ. ಎಳೆ ಕಡಿಯದ ಹಾಗೆ ನಾರು ಬಿಡುತ್ತ, “ಗೊತ್ತೈತ್ರಿ,” ಎಂದಳು.

“ಯಾರ್ ಹೇಳಿದ್ರು?”

“ಯಾರ್ ಯಾಕ ಹೇಳಬೇಕ್ರಿ? ಮೊದಲನೇ ದಿನ ನಾ ಬಂದಾಗ ನೀವು ನನ್ನ ಮಾರಿ ನೋಡಲಿಲ್ಲ. ಕೈ ಮುಂದ ಇಟ್ರಿ.”

ನನ್ನ ಕೈ ನಿಂತಿತು. “ತಿರುವ್ರಿ, ತಿರುವ್ರಿ, ಸಡ್ಲ ಆಗತೈತಿ,” ಎಂದಳು. ತಿರುಗಿಸಿದೆ. ಅವಳು ಈಗ ಇಪ್ಪತ್ತು ಮೂವತ್ತು ಹೆಜ್ಜೆ ದೂರ ಹೋಗಿದ್ದಳು, ನಾನು ದನಿ ಎತ್ತಬೇಕಾಯಿತು.

“ಗೊತ್ತಿದ್ದೂ ದಿನಾ ಬಂದು ಸುಮ್ಮನ ಯಾಕ ಕುಂತಿ? ಒಂದ ಮಾತು ಬೈದಿದ್ರ ಆಗತಿತ್ತಲ್ಲ!”

ಅವಳು ಹಿಂದೆ ಹಿಂದೆ ಹೋಗುತ್ತಲೇ ಇದ್ದಳು, ಬಯಲಿನ ಕೊನೆಯವರೆಗೂ. ಅಲ್ಲಿ ನಿಂತು, ಎಳೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ನನಗೆ ಕೇಳಲೆಂದು ಕೂಗಿ ಹೇಳಿದಳು.

“ಬೈದಿದ್ರ ನೀವು ತಪ್ಪಾತು ಅಂತಿದ್ರಿ! ನಾನೂ ಹೋಗ್ಲಿ ಬಿಡ್ರಿ ಅಂತಿದ್ದೆ! ಬಯಲು ಎಲ್ಲಿಂದ ಬರ್ತಿತ್ರಿ?”